ಒಂದೇ ಪೈಪು, ಆರು ಚಕ್ರ

ಅಪ್ಪ ಹಾಸನದ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಈ ಬೇಸಿಗೆಯಲ್ಲಿ ನಾರ್ತ್ ಕೆರೊಲೈನಾದ ನಮ್ಮ ಮನೆಗೆ ಬಂದ ಮೂರನೇ ದಿನವೇ ಶೆಡ್ಡಿನಲ್ಲಿದ್ದ ಲಾರಿಯ ಅಡಿ ಸೇರಿದ್ದರು. ಅದು ಅಮೆರಿಕದ ಸೇನೆಯಲ್ಲಿ ದುಡಿದು ಬಂದ ಎಂ35ಎ2, 1971ರ ಗಾಡಿ. ಎರಡೂವರೆ ಟನ್ನಿನ ಲಾರಿ ಅಂತ ಹೆಸರು, ಖಾಲಿಯಿದ್ದಾಗಲೇ ಆರು ಟನ್ನಿನ ಹತ್ತಿರ ತೂಗುತ್ತದೆ. ಅಪ್ಪ ಟಾರ್ಚ್ ಹಿಡಿದು, ಬ್ರೇಕ್ ಪೈಪಿನ ಜಾಡಿನಲ್ಲೇ ಹಿಂದಿನ ಆಕ್ಸಲ್‌ವರೆಗೆ ತೆವಳಿ, ಈಚೆ ಬಂದು ಕೇಳಿದರು: "ಇಷ್ಟು ದೊಡ್ಡ ಗಾಡಿಗೆ ಒಂದೇ ಲೈನೇನೋ?"

ಒಂದೇ ಲೈನು: ಆರೂ ಚಕ್ರಕ್ಕೆ ಬ್ರೇಕ್ ಆಯಿಲ್ ಹೋಗುವುದು ಒಂದೇ ಪೈಪಿನ ಜಾಲದಲ್ಲಿ. ಹಾಗಂದರೆ ಏನು ಅಂತ ನನಗೆ ಮಾರ್ಚಿನಲ್ಲೇ ಗೊತ್ತಾಗಿತ್ತು. ಮನೆಯ ಮುಂದಿನ ಇಳಿಜಾರಿನಲ್ಲಿ ಪೆಡಲ್ ಒತ್ತಿದೆ. ಒಂದು ಕ್ಷಣ ಗಟ್ಟಿಯಿತ್ತು, ಆಮೇಲೆ ಸೀದಾ ನೆಲಕ್ಕೆ ಹೋಯಿತು. ಮುಂದಿನ ಎಡಚಕ್ರದ ರಬ್ಬರ್ ಹೋಸ್ ಒಡೆದಿತ್ತು, ಅಷ್ಟಕ್ಕೇ ಆರೂ ಚಕ್ರದ ಬ್ರೇಕ್ ಹೋಯಿತು. ಹ್ಯಾಂಡ್‌ಬ್ರೇಕ್ ಎಳೆದೆ. ಈ ಲಾರಿಯಲ್ಲಿ ಅದು ಚಕ್ರಗಳಿಗಿಲ್ಲ. ಇಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಬೇರೆಯೇ ಡ್ರಮ್ಮು, ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಬ್ರೇಕ್ ಆಯಿಲ್‌ಗೂ ಅದಕ್ಕೂ ಸಂಬಂಧವಿಲ್ಲವಾದ್ದರಿಂದ ಬದುಕಿದೆವು. ಬೇಲಿಗೆ ಒಂದು ಮೊಳ ಇರುವಾಗ ಲಾರಿ ನಿಂತಿತು. ಪಕ್ಕದ ಸೀಟಿನಲ್ಲಿ ನನ್ನ ಮಗಳಿದ್ದಳು.

ಅಪ್ಪನಿಗೆ ಇದನ್ನು ಹೇಳಿದಾಗ ತುಂಬ ಹೊತ್ತು ಮಾತಾಡಲಿಲ್ಲ. "ಬಸ್ಸಲ್ಲಿ ಗಾಳಿ ಸೋರಿದ್ರೆ ಸ್ಪ್ರಿಂಗ್ ಬ್ರೇಕ್ ತಾನೇ ಕಚ್ಕೊಳತ್ತೆ. ಇದ್ರಲ್ಲಿ ಆಯಿಲ್ ಸೋರಿದ್ರೆ ಏನೂ ಉಳಿಯಲ್ಲ" ಅಂದರು. ಇಲ್ಲಿ ಗಾಳಿ ಇರುವುದು ಕಾಲಿನ ಬಲ ಹೆಚ್ಚಿಸುವುದಕ್ಕೆ ಮಾತ್ರ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ತಳ್ಳುವ ಆಯಿಲ್ ಏರ್‌ಪ್ಯಾಕ್ ಎಂಬ ಬೂಸ್ಟರ್‌ಗೆ ಹೋಗಿ, ಅಲ್ಲಿ ಗಾಳಿಯ ಒತ್ತಡದಿಂದ ಬಲ ಪಡೆದು ಆರೂ ಚಕ್ರಕ್ಕೆ ಹಂಚಿಹೋಗುತ್ತದೆ. ಅಮೆರಿಕದಲ್ಲಿ 1968ರಿಂದ ಕಾರುಗಳಿಗೇ ಎರಡು ಪ್ರತ್ಯೇಕ ಲೈನ್ ಕಡ್ಡಾಯವಾಗಿತ್ತು. ಆಮೇಲೆ ತಯಾರಾದ ಈ ಲಾರಿಗೆ ಒಂದೇ ಇದ್ದದ್ದು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ.

ಹಾಗಾಗಿ ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಹಾಕಿದೆವು: ಮುಂದಿನ ಎರಡು ಚಕ್ರಕ್ಕೆ ಒಂದು ಲೈನು, ಹಿಂದಿನ ನಾಲ್ಕಕ್ಕೆ ಇನ್ನೊಂದು, ಎರಡಕ್ಕೂ ಒಂದೊಂದು ಏರ್‌ಪ್ಯಾಕ್. ಹಳೆಯ ಸಿಲಿಂಡರ್ ಚಾಲಕನ ಕಾಲಡಿಯ ಹಲಗೆಯ ಕೆಳಗೆ ಕೂತಿತ್ತು; ಹೊಸದಕ್ಕೆ ಬ್ರಾಕೆಟ್ ಮಾಡಿ ಬೆಸುಗೆ ಹಾಕಲು ನಾಲ್ಕು ದಿನ ಹಿಡಿಯಿತು. ಹೋಸ್‌ಗಳನ್ನೂ, ಚಕ್ರದೊಳಗೆ ಬ್ರೇಕನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರುಗಳನ್ನೂ ಪೂರ್ತಿ ಬದಲಿಸಿದೆವು.

ಆಯಿಲ್ ಮಾತ್ರ ಸೇನೆ ಬಳಸುತ್ತಿದ್ದುದೇ: ನೇರಳೆ ಬಣ್ಣದ ಸಿಲಿಕೋನ್, ಡಾಟ್ 5. ವರ್ಷಗಟ್ಟಲೆ ನಿಂತೇ ಇರುವ ಗಾಡಿಗಳಿಗೆ ಅದು ಒಳ್ಳೆಯದು. ಸಾಮಾನ್ಯ ಬ್ರೇಕ್ ಆಯಿಲ್ ಆದ ಡಾಟ್ 3 ಗಾಳಿಯ ತೇವ ಹೀರುತ್ತದೆ, ಒಳಗೆ ತುಕ್ಕು ಹಿಡಿಯುತ್ತದೆ, ಸಿಲಿಕೋನ್ ಹೀರುವುದಿಲ್ಲ. ಎರಡನ್ನೂ ಬೆರೆಸಲೇಬಾರದು. ಆದರೆ ಸಿಲಿಕೋನ್ ಗಾಳಿಯ ಸಣ್ಣ ಸಣ್ಣ ಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಡಬ್ಬಿ ಅಲ್ಲಾಡಿಸಬಾರದು, ಸುರಿಯುವಾಗ ನೊರೆ ಬರಬಾರದು, ಪೆಡಲ್ ಬಡಬಡ ತುಳಿಯಬಾರದು.

ಟ್ಯಾಂಕಿನ ಗಾಳಿ ಖಾಲಿ ಮಾಡಿ, ಮೊದಲು ಏರ್‌ಪ್ಯಾಕ್‌ಗಳ ಆಯಿಲಿನಲ್ಲಿ ಸಿಕ್ಕಿಕೊಂಡ ಏರ್ ತೆಗೆದೆವು, ಆಮೇಲೆ ಎಲ್ಲಕ್ಕಿಂತ ದೂರದ ಚಕ್ರ: ಹಿಂದಿನ ಆಕ್ಸಲಿನ ಬಲಗಡೆಯದು. ನಾನು ಪೆಡಲಿನ ಮೇಲೆ, ಅಪ್ಪ ಸ್ಪಾನರ್ ಹಿಡಿದು ಚಕ್ರದ ಬುಡದಲ್ಲಿ. "ಒತ್ತು… ಹಿಡ್ಕೋ… ಹಾಂ, ಬಿಡು." ಏರ್ ಹೊರಬಿಡುವ ನಿಪ್ಪಲ್ ಬಿಗಿಯಾಗುವ ಮುಂಚೆ ಕಾಲೆತ್ತಿದರೆ ಗಾಳಿ ವಾಪಸ್ ಒಳಕ್ಕೆ. ಎತ್ತಿದ್ದು ಒಂದೇ ಸಲ. ಅಪ್ಪ ಆ ಚಕ್ರವನ್ನು ಮೊದಲಿಂದ ಮಾಡಿಸಿದರು. ಸಂಜೆ ಹೊತ್ತಿಗೆ ಬಾಟಲಿಯ ಟ್ಯೂಬಿನಲ್ಲಿ ಗುಳ್ಳೆ ಕಾಣದಾಯಿತು. ನನಗೆ ಮುಗಿಯಿತು ಅನ್ನಿಸಿತ್ತು. ಅಪ್ಪ ಬರಿಗಾಲಲ್ಲಿ ಹತ್ತಿ ಪೆಡಲ್ ಒತ್ತಿ, "ಸ್ಪಂಜಿದ್ದಂಗಿದೆ. ರಾತ್ರಿ ಹಂಗೇ ಬಿಡು, ಗುಳ್ಳೆ ಮೇಲೆ ಬರಲಿ" ಅಂದರು. ಬೆಳಿಗ್ಗೆ ಎರಡನೇ ಸುತ್ತಿಗೆ ಪ್ರತಿ ಚಕ್ರದಲ್ಲೂ ಇನ್ನಷ್ಟು ಗಾಳಿ ಬಂತು. ಆಮೇಲೆ ಪೆಡಲ್ ಕಲ್ಲಿನಂತೆ ನಿಂತಿತು.

ಪರೀಕ್ಷೆ ಅಂಗಳದ ಸಮತಟ್ಟಿನಲ್ಲಿ. ಅಪ್ಪ ಮುಂದಿನ ಎಡಚಕ್ರದ ನಿಪ್ಪಲ್ ಬೇಕೆಂದೇ ಸಡಿಲಿಸಿ, ದೂರ ಸರಿದು ಕೈ ಬೀಸಿದರು. ನಡೆಯುವ ವೇಗದಲ್ಲಿ ಹೋಗಿ ಒತ್ತಿದೆ. ಪೆಡಲ್ ಮುಕ್ಕಾಲು ಕುಸಿಯಿತು, ಅಲ್ಲಿಗೆ ನಿಂತಿತು. ಹಿಂದಿನ ನಾಲ್ಕೂ ಚಕ್ರ ಹಿಡಿದವು, ಲಾರಿ ಮಣ್ಣಿನಲ್ಲಿ ಗಕ್ಕನೆ ನಿಂತಿತು.

ಇಳಿದು ಬಂದಾಗ ಅಪ್ಪ ಆಗಲೇ ಮಂಡಿಯೂರಿ ನಿಪ್ಪಲ್ ಬಿಗಿ ಮಾಡುತ್ತಿದ್ದರು. "ಮುಂದಿಂದಕ್ಕೆ ಇನ್ನೊಂದ್ಸಲ ಏರ್ ತೆಗೀಬೇಕು ಕಣೋ, ಹತ್ತು ಮೇಲೆ."