ಶ್ವಾಸಕೋಶದ ಕ್ಯಾನ್ಸರ್ ಮತ್ತೆ ಬರುತ್ತಾ? ಆರನೇ ವಾರದ ಟಿಪ್ಪಣಿ

ಈ ಕ್ಯಾನ್ಸರ್ ಯಾರಿಗೆ ಮರುಕಳಿಸುತ್ತದೆ ಅಂತ ಊಹಿಸುವ ನನ್ನ ಕಂಪ್ಯೂಟರ್ ಮಾದರಿಗೆ ಹೋದ ವಾರ ಬಂದ ಒಳ್ಳೆ ಫಲಿತಾಂಶ ಸುಳ್ಳು. ಅದನ್ನೇ ಮೊದಲು ಬರೆದುಬಿಡುತ್ತೇನೆ.

ಶುರುವಿನ ಹಂತದಲ್ಲೇ ಗೆಡ್ಡೆ ತೆಗೆದರೂ ಕೆಲವರಿಗೆ ಈ ಕಾಯಿಲೆ ಮರುಕಳಿಸುತ್ತದೆ. ಯಾರಿಗೆ ಅಂತ ಮೊದಲೇ ಗೊತ್ತಾದರೆ ಅವರಿಗೆ ಮಾತ್ರ ಕೀಮೋ ಕೊಡಬಹುದು, ಉಳಿದವರಿಗೆ ಆ ಹಿಂಸೆ ತಪ್ಪುತ್ತದೆ. ತೆಗೆದ ಗೆಡ್ಡೆಯಲ್ಲಿ ಯಾವ ಜೀನ್ ಎಷ್ಟು ಚುರುಕಾಗಿತ್ತು ಅನ್ನೋದರಿಂದ ಅದನ್ನು ಊಹಿಸಲು ನೋಡುತ್ತಿದ್ದೇನೆ. ನಮ್ಮ ದೊಡ್ಡಪ್ಪನಿಗೆ ಆಪರೇಷನ್ ಆಗಿ ವರ್ಷವಾಯಿತು. ಪ್ರತಿ ಸ್ಕ್ಯಾನ್‌ಗೂ ಮುಂಚೆ ಅವರಿಗೆ ನಿದ್ದೆ ಬರೋದಿಲ್ಲ.

ಡೇಟಾ ಜಪಾನಿನದು, ಎಲ್ಲರಿಗೂ ಸಿಗುವ ಜಿಎಸ್‌ಇ31210 ಅನ್ನೋ ಸಂಗ್ರಹ. 226 ಗೆಡ್ಡೆಗಳು, ಒಂದೊಂದಕ್ಕೂ 54,675 ಪ್ರೋಬ್‌ಗಳ (ಅಂದರೆ ಜೀನ್‌ಗಳ ಚುರುಕು ಅಳೆಯೋಕೆ ಚಿಪ್ ಮೇಲಿರುವ ಗುರಿಗಳ) ಅಳತೆ. ಜನ ಕಡಿಮೆ, ಅಳತೆ ಜಾಸ್ತಿ. ಹುಡುಕಿದರೆ ಏನಾದರೂ ಹೊಂದಿಕೆಯಾಗಿಯೇ ಆಗುತ್ತದೆ.

ಮಂಗಳವಾರ ರಾತ್ರಿ ಯಾಕೋ ಅನುಮಾನ ಬಂತು. ‘ಮರುಕಳಿಸಿದೆ’, ‘ಇಲ್ಲ’ ಅನ್ನೋ ಗುರುತುಗಳನ್ನು ಇಸ್ಪೀಟೆಲೆ ಥರ ಕಲಸಿ ಹಂಚಿದೆ. ಈಗ ಎಯುಸಿ (ಊಹೆ ಎಷ್ಟು ಚೆನ್ನಾಗಿದೆ ಅನ್ನೋ ಅಂಕ, 1 ಬಂದರೆ ಪೂರ್ತಿ ಸರಿ) 0.5ರ ಹತ್ತಿರ ಇರಬೇಕು, ಅಂದರೆ ನಾಣ್ಯ ಚಿಮ್ಮಿ ಹೇಳಿದಷ್ಟೇ. ಬಂದಿದ್ದು 0.8ಕ್ಕಿಂತ ಜಾಸ್ತಿ! ಮೈ ತಣ್ಣಗಾಯಿತು. ಕಾರಣ ಸಿಗೋಕೆ ಎರಡು ಗಂಟೆ ಹಿಡಿಯಿತು. ಎಲ್ಲ 226 ಜನರನ್ನೂ ನೋಡಿ 50 ಪ್ರೋಬ್ ಆರಿಸಿ, ಆಮೇಲೆ ಅವರನ್ನು ಹತ್ತು ಭಾಗ ಮಾಡಿ, ಒಂಬತ್ತರಿಂದ ಮಾದರಿಗೆ ಕಲಿಸಿ, ಉಳಿದ ಒಂದರ ಮೇಲೆ ಪರೀಕ್ಷಿಸುತ್ತಿದ್ದೆ. ಪ್ರಶ್ನೆಪತ್ರಿಕೆ ಮೊದಲೇ ಸೋರಿಹೋದ ಹಾಗೆ ಅಲ್ವಾ ಇದು?

ಪ್ರೋಬ್ ಆರಿಸುವ ಸಾಲನ್ನು ಲೂಪ್ ಒಳಗೆ ಹಾಕಿದೆ, ಅಂದರೆ ಪ್ರತಿ ಸುತ್ತಲ್ಲೂ ಕಲಿಸುವ ಒಂಬತ್ತು ಭಾಗಗಳನ್ನಷ್ಟೇ ನೋಡಿ ಆರಿಸುವ ಹಾಗೆ. ಕಲಸಿದ ಗುರುತುಗಳ ಅಂಕ 0.5ಕ್ಕೆ ಇಳಿಯಿತು. ನಿಜವಾದ ಗುರುತುಗಳದ್ದೂ ಇಳಿಯಿತು, ಆದರೆ ಪೂರ್ತಿ ಸತ್ತಿಲ್ಲ. ಹೋಲಿಸೋಕೆ, ಕ್ಯಾನ್ಸರ್ ಯಾವ ಹಂತದ್ದು ಅನ್ನೋದೊಂದನ್ನೇ ಕೊಟ್ಟು ನೋಡಿದೆ. ಜೀನ್‌ಗಳು ಅದಕ್ಕಿಂತ ಚೂರು ಮುಂದೆ, ಅಷ್ಟೇ.

ಇದೇ ವಿಷಯದ ಮೇಲೆ 2006ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ತಂಡದ ಲೇಖನವೊಂದು ದೊಡ್ಡ ಹೆಸರು ಮಾಡಿತ್ತು. ಫಲಿತಾಂಶ ಮತ್ತೆ ಬರಲಿಲ್ಲ ಅಂತ 2011ರಲ್ಲಿ ಅದನ್ನು ಹಿಂತೆಗೆದುಕೊಂಡರು. ಅಷ್ಟರಲ್ಲಿ ಅದನ್ನು ನಂಬಿ ನಡೆದ ಟ್ರಯಲ್‌ಗೆ ರೋಗಿಗಳು ಸೇರಿಯಾಗಿತ್ತು. ಓದುವಾಗ ಹೊಟ್ಟೆ ಸಂಕಟವಾಯಿತು.

ಯಾಕೆಂದರೆ ನಾನೂ ಹೋದ ವಾರ ಖುಷಿಯಲ್ಲಿ ದೊಡ್ಡಪ್ಪನಿಗೆ ಹೇಳಿಬಿಟ್ಟಿದ್ದೆ. ಭಾನುವಾರ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಅವರ ಮನೆಗೆ ಹೋದೆ. “ಏನ್ ಮಗಾ, ನಿನ್ ಕಂಪ್ಯೂಟರ್ ಏನಂತು?” ಅಂದರು. “ಲೆಕ್ಕ ತಪ್ಪಾಗಿತ್ತು ದೊಡ್ಡಪ್ಪ, ಇನ್ನೂ ಏನೂ ಹೇಳೋಕಾಗಲ್ಲ” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಪೊಟ್ಟಣ ಬಿಚ್ಚಿ ಒಂದು ಇಡ್ಲಿ ನನ್ನ ಕಡೆ ತಳ್ಳಿದರು.

ಮುಂದಿನ ವಾರ ಅಮೆರಿಕದ ಸಂಗ್ರಹ ಜಿಎಸ್‌ಇ68465 ಇಳಿಸಿಕೊಳ್ಳಬೇಕು. 442 ಗೆಡ್ಡೆಗಳು, ಹಳೆ ಚಿಪ್. ಎರಡರಲ್ಲೂ ಇರುವ ಪ್ರೋಬ್‌ಗಳನ್ನಷ್ಟೇ ಉಳಿಸಿಕೊಂಡು, ಮಾದರಿಯನ್ನು ಇನ್ನು ಬದಲಿಸದ ಹಾಗೆ ಮೊದಲೇ ಬೀಗ ಹಾಕಿಟ್ಟು, ಒಂದೇ ಒಂದು ಸಲ ಪರೀಕ್ಷಿಸುತ್ತೇನೆ.