ಒಂಬತ್ತನೇ ತಾರೀಖು, ತೂಕದ ಯಂತ್ರದ ಮುಂದೆ

ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರ ತಪಾಸಣೆಯ ದಿನ. 2016ರಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಶುರುವಾದ ಮೇಲೆ ಈ ತಾರೀಖು ಆಶಾ ಕಾರ್ಯಕರ್ತೆಯರಿಗೆ ಬಾಯಿಪಾಠ. ಬೆಳಿಗ್ಗೆಯೇ ತಮ್ಮ ಊರಿನ ಬಸುರಿಯರನ್ನು ಕರೆದುಕೊಂಡು ಬರುತ್ತಾರೆ, ಒಬ್ಬೊಬ್ಬರ ಕೈಯಲ್ಲೂ ತಾಯಿ ಕಾರ್ಡ್. ಮೊದಲು ತೂಕ, ಆಮೇಲೆ ಬಿ.ಪಿ., ರಕ್ತ, ಮೂತ್ರ. ತೂಕ ಸುಲಭದ ಕೆಲಸ ಅನ್ನಿಸುವುದರಿಂದ ಎಲ್ಲರಿಗೂ ಅವಸರ ಅಲ್ಲೇ.

ಅವಸರದಲ್ಲಿ ಬರೆದ ಅಂಕಿಯನ್ನು ನಂಬುವಂತಿಲ್ಲ. ಯಂತ್ರ ಸಮತಟ್ಟಾದ ಗಟ್ಟಿ ನೆಲದ ಮೇಲಿರಬೇಕು. ಚಾಪೆ ಅಥವಾ ಮ್ಯಾಟ್ ಮೇಲಿಟ್ಟರೆ ತಪ್ಪು ತೋರಿಸುತ್ತದೆ. ಮುಳ್ಳಿನ ಯಂತ್ರವಾದರೆ ಪ್ರತಿ ಸಲ ಸೊನ್ನೆಗೆ ತರಬೇಕು. ಮೂತ್ರಕ್ಕೆ ಹೋಗಿ ಬಂದು, ಚಪ್ಪಲಿ, ಸ್ವೆಟರ್, ಹೆಗಲ ಚೀಲ ತೆಗೆದಿಟ್ಟು, ಗೋಡೆ ಹಿಡಿಯದೆ ನೆಟ್ಟಗೆ ನಿಲ್ಲಬೇಕು. ಒಂದು ತಿಂಗಳು ಇಲ್ಲಿ, ಮುಂದಿನ ತಿಂಗಳು ಸ್ಕ್ಯಾನಿಂಗ್ ಸೆಂಟರಿನಲ್ಲಿ ತೂಗಿದರೆ ಒಂದೆರಡು ಕೆ.ಜಿ. ಯಂತ್ರದ್ದೇ ವ್ಯತ್ಯಾಸ ಬಂದುಬಿಡಬಹುದು. ಸಾಧ್ಯವಾದಷ್ಟೂ ಒಂದೇ ಯಂತ್ರ ಇರಲಿ.

ತಾಯಿ ಕಾರ್ಡಿನ ಲೆಕ್ಕ ಬೇಕೆಂದರೆ ಮೊದಲ ಮೂರು ತಿಂಗಳ ಒಳಗಿನ ಒಂದು ತೂಕ ಮತ್ತು ಎತ್ತರ ಬೇಕೇ ಬೇಕು. ಐದನೇ ತಿಂಗಳಲ್ಲಿ ಮೊದಲ ಸಲ ಬಂದವರ ತೂಕ ಎಷ್ಟು ಏರಿದೆ ಎಂದು ಹೇಳುವುದು ಹೇಗೆ? ಇಬ್ಬರನ್ನು ತೆಗೆದುಕೊಳ್ಳೋಣ. ಇಬ್ಬರ ಎತ್ತರವೂ 152 ಸೆಂ.ಮೀ., ಒಬ್ಬರ ಮೊದಲ ತೂಕ 41 ಕೆ.ಜಿ., ಇನ್ನೊಬ್ಬರದು 62. ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿ.ಎಂ.ಐ. ಸಿಗುತ್ತದೆ: ಮೊದಲನೆಯವರಿಗೆ ಸುಮಾರು 17.7, ಎರಡನೆಯವರಿಗೆ 26.8. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಕೊಟ್ಟ ಅಳತೆಯಂತೆ 18.5ಕ್ಕಿಂತ ಕಡಿಮೆ ಇರುವವರು ಒಟ್ಟು 12.5ರಿಂದ 18 ಕೆ.ಜಿ. ಏರಬೇಕು, 25ರಿಂದ 29.9ರವರೆಗಿನವರಿಗೆ 7ರಿಂದ 11.5 ಸಾಕು. ನಡುವಿನವರಿಗೆ 11.5ರಿಂದ 16, 30 ದಾಟಿದವರಿಗೆ 5ರಿಂದ 9. ನಮ್ಮ ಸರ್ಕಾರಿ ಮಾರ್ಗಸೂಚಿಯಲ್ಲಿ ಎಲ್ಲರಿಗೂ ಸೇರಿಸಿ ಹೇಳುವುದು 9ರಿಂದ 11 ಕೆ.ಜಿ., ಮೂರು ತಿಂಗಳ ನಂತರ ತಿಂಗಳಿಗೆ ಸುಮಾರು 2. ಆ 2 ಕೆ.ಜಿ. 41ರವರಿಗೆ ಬೇಕಾದದ್ದು. 62ರವರಿಗೆ ತಿಂಗಳಿಗೆ ಒಂದೂಕಾಲು ಸಾಕು. ಇಬ್ಬರಿಗೂ ಒಂದೇ ಮಾತು ಹೇಳಿ ಕಳಿಸುವುದು ಅನ್ಯಾಯ.

ಏರಿದ್ದೆಲ್ಲ ಕೊಬ್ಬೂ ಅಲ್ಲ, ಮಗುವೂ ಅಲ್ಲ. ಮಗು 3 ಕೆ.ಜಿ. ಆಸುಪಾಸು, ಮಾಸು ಅರ್ಧ ಕೆ.ಜಿ.ಗಿಂತ ತುಸು ಹೆಚ್ಚು, ಗರ್ಭದ ನೀರು ಮುಕ್ಕಾಲು, ಗರ್ಭಕೋಶ ಒಂದು, ಹೆಚ್ಚುವ ರಕ್ತ ಒಂದೂಕಾಲರಿಂದ ಒಂದೂವರೆ. ಮಿಕ್ಕದ್ದು ಮೈಯ ನೀರು, ಮೊಲೆಯ ಬೆಳವಣಿಗೆ, ಎದೆಹಾಲಿಗೆಂದು ಕೂಡಿಡುವ ಕೊಬ್ಬು.

ಊಟದ ವಿಷಯಕ್ಕೆ ಬಂದರೆ 'ಇಬ್ಬರ ಊಟ ಮಾಡು' ಎನ್ನುವುದು ಹೆಚ್ಚಾಯಿತು. ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿರುವುದು ದಿನಕ್ಕೆ 350 ಕ್ಯಾಲೊರಿ ಹೆಚ್ಚುವರಿ, ಕೊನೆಯ ಮೂರು ತಿಂಗಳಲ್ಲಿ ಪ್ರೋಟೀನ್ 22 ಗ್ರಾಂ ಹೆಚ್ಚುವರಿ. ಒಂದು ಬೇಯಿಸಿದ ಮೊಟ್ಟೆ, 200 ಮಿ.ಲೀ. ಹಾಲು, ಒಂದು ಹಿಡಿ ಅಂದರೆ 30 ಗ್ರಾಂ ಹುರಿದ ಕಡಲೆಕಾಯಿ ಬೀಜ: ಎರಡೂ ಲೆಕ್ಕ ಹೆಚ್ಚುಕಡಿಮೆ ಮುಗಿಯಿತು. ಮೊಟ್ಟೆ ತಿನ್ನದವರಿಗೆ ಒಂದು ಬಟ್ಟಲು ಹೆಸರುಕಾಳಿನ ಉಸಲಿ. ಅನ್ನವನ್ನೇ ಇನ್ನೊಂದು ಸಲ ಬಡಿಸಿಕೊಂಡರೆ ಕ್ಯಾಲೊರಿ ಬಂತು, ಪ್ರೋಟೀನ್ ಬರಲಿಲ್ಲ. ತೂಕ ಹೆಚ್ಚಿರುವವರು ಮುದ್ದೆಗೆ ಲೆಕ್ಕವಿಲ್ಲ ಅಂದುಕೊಳ್ಳಬಾರದು. 100 ಗ್ರಾಂ ರಾಗಿ ಹಿಟ್ಟಿನಲ್ಲೂ 320ರಷ್ಟು ಕ್ಯಾಲೊರಿ ಇದೆ. ಅವರು ಉಪವಾಸ ಮಾಡಬೇಕಿಲ್ಲ. ಸಕ್ಕರೆ ಹಾಕಿದ ಟೀ, ಬಿಸ್ಕತ್ತು, ಬೇಕರಿ ತಿಂಡಿ ಬಿಟ್ಟು, ಮುದ್ದೆ ಸಣ್ಣದು ಮಾಡಿ ಸೊಪ್ಪು ಕಾಳು ಹೆಚ್ಚಿಸಿಕೊಂಡು, ವೈದ್ಯರು ಬೇಡ ಅನ್ನದಿದ್ದರೆ ಊಟವಾದ ಮೇಲೆ ಕಾಲು ಗಂಟೆ ನಡೆದರೆ ಸಾಕು.

2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲಿ ಬಿಸಿಯೂಟ ಸಿಗುತ್ತಿದೆ. ಎಡವಟ್ಟಾಗುವುದು ಮನೆಯಲ್ಲಿ. 'ಅಲ್ಲೇ ತಿಂದಳಲ್ಲ' ಎಂದು ರಾತ್ರಿ ಊಟ ತೆಳುವಾಗುತ್ತದೆ, ಇಲ್ಲವೇ ಡಬ್ಬಿಯಲ್ಲಿ ತಂದ ಮೊಟ್ಟೆ ದೊಡ್ಡ ಮಗುವಿನ ಪಾಲಾಗುತ್ತದೆ. ಕಾರ್ಡಿನಲ್ಲಿ ಎರಡು ತಿಂಗಳು ಒಂದೇ ತೂಕ ಕಂಡರೆ ಆಶಾ ಅಕ್ಕ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಮೊಟ್ಟೆ ಯಾರು ತಿಂದರು?

ಕೆಂಪು ಕಬ್ಬಿಣದ ಮಾತ್ರೆಯನ್ನು ಟೀ, ಹಾಲಿನ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರ ಕೊಡಬೇಕು.

ತಿಂಗಳಲ್ಲಿ 3 ಕೆ.ಜಿ. ದಾಟಿದರೆ ಊಟದ ಪಾಠ ಆಮೇಲೆ, ತಪಾಸಣೆ ಮೊದಲು. ಅವಳಿ ಇರಬಹುದು, ಸಕ್ಕರೆ ಇರಬಹುದು, ಬಿ.ಪಿ. ಏರುತ್ತಿರಬಹುದು. ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಟ್ಟಾಗ ಗುಳಿ ಹಾಗೇ ಉಳಿಯುತ್ತದೆಯೇ, ಬಳೆ ಉಂಗುರ ಬಿಗಿಯಾಗಿವೆಯೇ, ಬೆಳಿಗ್ಗೆ ಎದ್ದಾಗ ಮುಖ ಊದಿರುತ್ತದೆಯೇ ನೋಡಬೇಕು. ಸಂಜೆ ಕಾಲು ಊದಿ ಬೆಳಿಗ್ಗೆ ಇಳಿಯುವುದು ಬಹಳ ಜನಕ್ಕೆ ಇದ್ದದ್ದೇ. ಬಿ.ಪಿ. 140/90 ಅಥವಾ ಹೆಚ್ಚಿದ್ದು ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ತಲೆನೋವು, ಕಣ್ಣು ಮಂಜು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಇದ್ದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಸಕ್ಕರೆಗೆ 75 ಗ್ರಾಂ ಗ್ಲೂಕೋಸನ್ನು 300 ಮಿ.ಲೀ. ನೀರಿನಲ್ಲಿ ಕರಗಿಸಿ ಕುಡಿಸಿ, ಎರಡು ಗಂಟೆಗೆ ರಕ್ತ ಪರೀಕ್ಷೆ. 140 ಅಥವಾ ಹೆಚ್ಚು ಬಂದರೆ ಗರ್ಭಿಣಿ ಮಧುಮೇಹ. ಸಣಕಲು ಮೈಯವರಿಗೆ ಇದು ಬೇಡ ಎಂದು ಬಿಡಬಾರದು, ಅವರಿಗೂ ಬರುತ್ತದೆ.

ಮಧ್ಯಾಹ್ನದ ಹೊತ್ತಿಗೆ ಎಂಟು, ಒಂಬತ್ತು ತಿಂಗಳಾದವರ ಸರದಿ. ಜೊತೆಗೆ ಬಂದ ಅತ್ತೆಯಂದಿರ ಮಾತು ಇದು: "ಮಗು ದಪ್ಪ ಆದ್ರೆ ಆಪರೇಷನ್ ಮಾಡ್ತಾರಂತೆ ಸಿಸ್ಟರ್, ಅದಕ್ಕೇ ರಾತ್ರಿ ಊಟ ಕಮ್ಮಿ ಮಾಡ್ಸಿದೀವಿ." ಸಿಸ್ಟರ್ ಗದರಿದರೆ ಅವರು ತಲೆಯಾಡಿಸಿ ಹೋಗುತ್ತಾರೆ, ಊಟ ಹೆಚ್ಚುವುದಿಲ್ಲ. "ಅಮ್ಮ, ಮಗು ತೂಕ ಕಟ್ಟಿಕೊಳ್ಳೋ ಕಾಲ ಇದೇ. ಈಗ ಕಮ್ಮಿ ಮಾಡಿದ್ರೆ ಎರಡೂವರೆ ಕೆ.ಜಿ.ನೂ ಮುಟ್ಟದೆ ಹುಟ್ಟಬಹುದು, ಆಮೇಲೆ ಹಾಲು ಕುಡಿಯೋಕೂ ತ್ರಾಣ ಇರಲ್ಲ" ಎಂದು ಕೂರಿಸಿಕೊಂಡು ಹೇಳಿದರೆ ಕೇಳುತ್ತಾರೆ. ಹೊಟ್ಟೆ ಒತ್ತಿ ಒಂದೇ ಸಲ ಉಣ್ಣಲಾಗದವರಿಗೆ ಅಷ್ಟೇ ಊಟವನ್ನು ಐದಾರು ಸಲ ಹಂಚಿ ಕೊಡಬೇಕು. ದಿನ ತುಂಬಿದ ಕೊನೆಯ ಒಂದೆರಡು ವಾರ ತೂಕ ನಿಂತರೆ, ಅರ್ಧ ಕೆ.ಜಿ. ಇಳಿದರೂ ಗಾಬರಿ ಬೇಡ. ಆದರೆ ಮಗುವಿನ ಓಡಾಟ ಕಡಿಮೆಯಾದರೆ ಮುಂದಿನ ಒಂಬತ್ತನೇ ತಾರೀಖಿಗೆ ಕಾಯದೆ ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಬರಬೇಕು.