ಅರ್ಥ ಗೊತ್ತು, ಬಳಸಲು ಬರದು: ಕಠಿಣ ಇಂಗ್ಲಿಷ್ ಪದಗಳ ಪಾಡು

ದಿನಕ್ಕೆ 50 ಪದ ಉರುಹೊಡೆಯುವವರು ಎಡವುವುದು ಹೆಚ್ಚಾಗಿ ಅರ್ಥದಲ್ಲಲ್ಲ, ಜೊತೆಪದಗಳಲ್ಲಿ, ಅಂದರೆ ಆ ಪದದ ಜೊತೆ ಸಹಜವಾಗಿ ಬರುವ ಪದಗಳಲ್ಲಿ. 'ಮಿಟಿಗೇಟ್' ಎಂದರೆ ತೀವ್ರತೆ ತಗ್ಗಿಸು ಎಂದು ಬರೆದುಕೊಂಡರೆ ಸಾಲದು. ಅದು ರಿಸ್ಕ್, ಡ್ಯಾಮೇಜ್‌ನಂಥ ಕೆಡುಕು ಸೂಚಿಸುವ ಪದಗಳ ಜೊತೆ ಬರುತ್ತದೆ; ವೇಗ, ತೂಕ ಇಳಿಸುವುದಕ್ಕೆ ಹೊಂದುವುದಿಲ್ಲ. ಅದರ ಮುಂದೆ 'ಅಗೇನ್‌ಸ್ಟ್' ಹಾಕಿದಿರೋ, ತಪ್ಪು. ಅಗೇನ್‌ಸ್ಟ್ ಬೇಕಾಗುವುದು 'ಮಿಲಿಟೇಟ್'ಗೆ. ಆಗ ಅರ್ಥ ಅಡ್ಡಿಯಾಗು ಎಂದು.

ಇಂಥ ಜೋಡಿಗಳನ್ನು ಒಂದೇ ದಿನ ಕಲಿತರೆ ಎರಡೂ ಕಲಸಿಹೋಗುತ್ತವೆ. ಒಂದು ಗಟ್ಟಿಯಾಗಲಿ, ವಾರ ಬಿಟ್ಟು ಇನ್ನೊಂದು.

ಪ್ರತಿ ಪದಕ್ಕೂ ಒಂದು ಕಾರ್ಡು ಮಾಡಿಕೊಳ್ಳಿ. ಮುಂಬದಿ ಆ ಪದದ ಜಾಗ ಖಾಲಿ ಬಿಟ್ಟ ವಾಕ್ಯ ಮತ್ತು ಕನ್ನಡ ಅರ್ಥ ಇರಲಿ. ಹಿಂಬದಿ ಪದ, ಉಚ್ಚರಿಸುವಾಗ ಒತ್ತು ಎಲ್ಲಿ ಬೀಳುತ್ತದೆ ಎಂಬ ಗುರುತು, ಎರಡು ಜೊತೆಪದ. ಪದ ನೋಡಿ ಅರ್ಥ ಹೇಳುವುದು ಸುಲಭ. ಅರ್ಥದಿಂದ ಪದ ಹೊರಡಿಸುವುದೇ ಕಷ್ಟ, ಬರೆಯುವಾಗ ಬೇಕಾಗುವುದೂ ಅದೇ. ದಿನಕ್ಕೆ 8ರಿಂದ 10 ಸಾಕು. 1, 3, 7, 16ನೇ ದಿನ ಮರುಪರೀಕ್ಷೆ. ತಪ್ಪಿದ ಕಾರ್ಡು ಮತ್ತೆ ಮೊದಲಿಗೆ. ಮರೆವು ಆರಂಭದಲ್ಲೇ ಅತಿ ವೇಗವೆಂದು ಜರ್ಮನ್ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು, ಹಾಗಾಗಿ ಮೊದಲ ಸುತ್ತು ತಪ್ಪಿಸಬೇಡಿ.

ಯಾವ ಪದಗಳು? ಅಪರೂಪದ ಪದಗಳ ಮೋಹ ಬಿಡಿ (ಸಭೆಯಲ್ಲಿ ಮೆರೆಯಲು ಬಿಟ್ಟರೆ ಅವು ಬೇರೆ ಕೆಲಸಕ್ಕೆ ಬರುವುದು ಕಡಿಮೆ). 2000ದಲ್ಲಿ ಭಾಷಾತಜ್ಞೆ ಆವೆರಿಲ್ ಕಾಕ್ಸ್‌ಹೆಡ್ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್‌ನ 570 ಪದಕುಟುಂಬಗಳಿಂದ (ಒಂದು ಪದ ಮತ್ತು ಅದರಿಂದ ಹುಟ್ಟಿದ ರೂಪಗಳು) ಶುರುಮಾಡಿ; ಅದು ವಿದ್ವತ್ ಬರಹಗಳಲ್ಲಿ ಹೆಚ್ಚಾಗಿ ಬರುವ ಪದಗಳ ಪಟ್ಟಿ. ಸಮಾನಾರ್ಥಕ ಕೋಶವನ್ನು ಮಾತ್ರ ಪೂರ್ತಿ ನಂಬಬೇಡಿ: ಎರಡೂ ತೆಳ್ಳಗೆ ಎಂದೇ ಆದರೂ 'ಸ್ಲಿಮ್' ಮೆಚ್ಚುಗೆ, 'ಸ್ಕಿನ್ನಿ' ಹಲವು ಸಲ ಕೊಂಕು.